ಬಂತಾ?

ಜುಲೈ ಬಂದರೆ ಶಾರ್ಜಾದ ನಲ್ಲಿಗಳೆಲ್ಲ ಉಲ್ಟಾ.
ತಣ್ಣೀರಿನ ತಿರುಪಿನಲ್ಲಿ ಕುದಿನೀರು.
ಗೀಸರು ಆರಿಸಿಟ್ಟ ಮನೆಗಳಲ್ಲಿ
ಬಿಸಿನೀರಿನ ತಿರುಪಿನಲ್ಲೇ ತಂಪು.
ಗಂಗೊಳ್ಳಿಯಿಂದ ಹೊಸತಾಗಿ ಬಂದ ಸಾಂತಣ್ಣ
ಬೆನ್ನು ಸುಟ್ಟುಕೊಂಡು ಬಚ್ಚಲಿಂದ ಹಾರಿದ್ದು
ನನಗೂ ಜಯವಂತನಿಗೂ
ಒಂದಿಡೀ ವರ್ಷದ ನಗೆ.

ಮೂರನೇ ಮಾಳಿಗೆ. ಎರಡು ಕೋಣೆ, ಎರಡು ಸಂಸಾರ,
ನಡುವೆ ಸಾಂತಣ್ಣನ ಚಾಪೆ.
ಎಸಿಯ ಬಾಲಕ್ಕೆ ಕಟ್ಟಿದ ನಿಡೋ ಡಬ್ಬದಲ್ಲಿ
ಅಮ್ಮನ ಬಸಳೆಗೆ ತೊಟ್ಟು ತೊಟ್ಟು ನೀರು.
ಕೆಳಗಿನ ಕೋಲ್ಡ್‌ಸ್ಟೋರಿನ ಕುಂಞಂಬು
ಸಾಲದ ಪುಸ್ತಕದಲ್ಲಿ ನಮ್ಮನ್ನು
'ಬಸಳೆ, ಮೂರು' ಅಂತಲೇ ಬರೆಯುತ್ತಿದ್ದ.

ಹಿಂದಿನ ಮರಳು ಬಯಲಿನಲ್ಲಿ
ಗಾಲಿ ಕಳಚಿದ ಒಂದು ಡಾಟ್ಸನ್ ಕಾರು.
ಅದು ನಮ್ಮ ಹಡಗು, ನಮ್ಮ ಕೋರ್ಟು,
ಸೋಡಾ ಮುಚ್ಚಳಗಳ ಬ್ಯಾಂಕು.
ಜಗಳಕ್ಕೆ ಮಲಯಾಳಂ, ರಾಜಿಗೆ ಹಿಂದಿ,
ಎಣಿಸುವುದಕ್ಕೆ ಹಿಶಾಮನ ಅರಬ್ಬಿ;
ಮಂಡಿ ಒಡೆದಾಗ ಮಾತ್ರ
ಅವರವರ ಅಬ್ಬೆ ಅವರವರ ಬಾಯಲ್ಲಿ.

ಆಮೇಲೆ ಆ ರಾತ್ರಿಗಳು.
ಹಗ್ಗದ ಮೇಲಿನ ಬನೀನು ಮೂರು ದಿನವಾದರೂ ಒಣಗದೆ,
ಕಿಟಕಿ ಗಾಜು ಹೊರಗಿನಿಂದ ಬೆವರಿ,
ಸಂಡಿಗೆ ಮೆತ್ತಗಾಗುವ ರಾತ್ರಿಗಳು.
ಊರಿಡೀ ಬೈಯುತ್ತಿದ್ದ ಸೆಕೆಗೆ ನಾವು ಕಾದು ಕೂರುತ್ತಿದ್ದೆವು.
ಅಂಥ ಹೊತ್ತಿನಲ್ಲಿ ತೇವ ಕಡಲುದ್ದಕ್ಕೂ ಚಾಪೆ ಹಾಸುತ್ತದಂತೆ,
ಬೊಂಬಾಯಿ ಟಿವಿ ಅದರ ಮೇಲೆ
ಜಾರಿಕೊಂಡು ಬರುತ್ತದಂತೆ.
ಇದು ಸಾಂತಣ್ಣನ ವಿಜ್ಞಾನ. ಅವನು ಏಳನೇ ಫೇಲು.
ಆದರೆ ಬರುತ್ತಿತ್ತು.

ಅಪ್ಪ ತಾರಸಿಯ ಮೇಲೆ, ಆಂಟೆನಾದ ಬುಡ ಹಿಡಿದು.
ಅದರ ಕೊಂಬುಗಳಿಗೆ ಅಮ್ಮನ ಎರಡು ಸ್ಟೀಲು ಮುಚ್ಚಳ.
ಮೆಟ್ಟಿಲ ತಿರುವಿನಲ್ಲಿ ಜಯವಂತ. ಬಾಗಿಲಲ್ಲಿ ನಾನು.
"ಬಂತಾ?"
"ಬಂತಾ ಅಂಬ್ರ್!"
"ಬಂತ್... ಬಂತ್... ಹೋಯ್ತ್!"
"ಹೋಯ್ತಂಬ್ರ್!"
ಒಂದು ಮಾತು ಮೂರು ಮಾಳಿಗೆ ಹತ್ತಿ ಇಳಿಯುವಷ್ಟರಲ್ಲಿ
ಬೊಂಬಾಯಿ ಎರಡು ಸಲ ಮುಳುಗಿ ಏಳುತ್ತಿತ್ತು.

ಒಮ್ಮೆ ಮಾತ್ರ ನಿಂತಿತು.
ಅಮ್ಮ ಅವಸರದಲ್ಲಿ ತಲೆ ಬಾಚಿಕೊಂಡಳು,
ಅವರು ಇವಳನ್ನೂ ಕಾಣುತ್ತಾರೆ ಎಂಬಂತೆ.
ಪರದೆ ತುಂಬ ನುಚ್ಚಕ್ಕಿ. ನುಚ್ಚಿನೊಳಗೊಬ್ಬ ಕನ್ನಡಕದವ,
ತೆಂಗಿನ ಸುಳಿ ಕೊರೆಯುವ ದುಂಬಿಯ ಬಗ್ಗೆ
ಮರಾಠಿಯಲ್ಲಿ ಪಾಠ ಹೇಳುತ್ತಿದ್ದ.
ಯಾರಿಗೂ ಒಂದಕ್ಷರ ತಿಳಿಯಲಿಲ್ಲ.
ಯಾರೂ ಕದಲಲಿಲ್ಲ.
ಅವನ ಹಿಂದೆ ಒಂದು ತೆಂಗಿನ ಮರ, ಅದಕ್ಕೆ ಗಾಳಿ.
ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದ ಹಿಶಾಮನ ತಾಯಿ
ಅಮ್ಮನ ಮುಖ ನೋಡಿ ಮೆಲ್ಲಗೆ ಕೇಳಿದಳು:
ಸತ್ತವರು ಯಾರು?

ಏಳು ನಿಮಿಷ. ಗೋಡೆ ಗಡಿಯಾರ ನೋಡಿ ನಾನೇ ಎಣಿಸಿದ್ದು.
ಆಮೇಲೆ ಮತ್ತೆ ನುಚ್ಚು.

ಅಪ್ಪ ಇಳಿದು ಬಂದ. ಅಂಗಿಯ ಬೆನ್ನಿನ ಮೇಲೆ
ಉಪ್ಪಿನ ಬಿಳಿ ಗೆರೆ, ಯಾವುದೋ ದೇಶದ ನಕ್ಷೆಯಂತೆ.
"ಎಂತ ಇತ್ತ್?" ಅಂದ.
"ತೆಂಗಿನ ಮರ" ಅಂದಳು ಅಮ್ಮ.
"ಓ" ಅಂದ. ಕುಬ್ಬೂಸು ಮುರಿದ.

ಎಷ್ಟೋ ವರ್ಷಗಳ ಮೇಲೆ ಹೊಳೆಯಿತು ನನಗೆ:
ಅವನು ಒಂದನ್ನೂ ಕಂಡವನಲ್ಲ.
ಕೈ ಬಿಟ್ಟರೆ ಚಿತ್ರ ಹೋಗುತ್ತಿತ್ತು,
ಹಾಗಾಗಿ ಹಿಡಿದೇ ಇದ್ದ.
ಮೊನ್ನೆ ಫೋನಿನಲ್ಲಿ ಕೇಳಿದೆ:
ಅಷ್ಟು ಹೊತ್ತು ಮೇಲೆ ಒಬ್ಬನೇ, ಬೇಜಾರಾಗಲಿಲ್ಲವಾ?

ಒಬ್ಬನೇ ಎಲ್ಲಿ, ಅಂದ.
ಅತ್ತ ಕಾಸರಗೋಡಿನವ, ಇತ್ತ ಕರಾಚಿಯವ,
ಬಂದರಿನ ಕಡೆ ಯಾರೋ ಗುಜರಾತಿಯವ,
ಎಲ್ಲ ತಾರಸಿಯಲ್ಲೂ ಒಬ್ಬೊಬ್ಬ ಗಂಡಸು
ಲುಂಗಿ ಕಟ್ಟಿ, ಕೈ ಮೇಲೆತ್ತಿ.
ಹೆಸರು ಗೊತ್ತಿರಲಿಲ್ಲ.
ಕತ್ತಲಲ್ಲಿ ಒಬ್ಬರಿಗೊಬ್ಬರು
ಕೂಗಿ ಕೇಳುತ್ತಿದ್ದೆವು, ಅಷ್ಟೆ:
ನಿಮಗೆ ಬಂತಾ?