ಎಷ್ಟು ತಗ್ಗುತ್ತದೆ

"ಮನೆಯ ತೂಕ ಎಷ್ಟು?" ಎಂದ
ಕಿಂಡರ್ಸ್‌ಲಿಯ ಬಿಡಿಭಾಗದಂಗಡಿಯವ,
ಸಕ್ಕರೆ ಎಷ್ಟು ಬೇಕು ಅನ್ನುವಷ್ಟು ಸಲೀಸಾಗಿ.
ಲಾರ್ನ್ ನನ್ನ ಮುಖ ನೋಡಿದ. ನಾನು ಅವನದು.
ಹನ್ನೊಂದು ಬೇಸಿಗೆ ಅದರೊಳಗೇ
ಉಂಡು, ಮಲಗಿ, ಜಗಳಾಡಿ, ಮೈಲುಗಟ್ಟಲೆ ಮಾತು ಬಿಟ್ಟು
ಮತ್ತೆ ಮಾತಾಡಿ ಬಂದವರು ನಾವು;
ತೂಕ ಮಾತ್ರ ಕೇಳಿರಲಿಲ್ಲ.

ಬಾಗಿಲ ಸಂದಿನ ತಗಡಿನ ಮೇಲೆ
ಕಂಪನಿ ಕೊರೆದ ಸಂಖ್ಯೆಯಿದೆ, ಹೌದು.
"ಅದು ಮದುವೆ ದಿನದ ತೂಕ" ಅಂದ ಲಾರ್ನ್.
"ಈಗಿನದು ಬೇರೆ."

ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ತಕ್ಕಡಿ.
ಮಸೂರ ಹೇರಿದ ಲಾರಿಗಳ ಸಾಲಿನಲ್ಲಿ
ನಾವೂ ನಿಂತೆವು,
ಕಿಟಕಿಗೆ ಹೂವಿನ ಪರದೆ ಇಳಿಬಿಟ್ಟುಕೊಂಡು.
ತಕ್ಕಡಿಯ ಹುಡುಗಿ ನಗಲಿಲ್ಲ, ಒಳ್ಳೆಯವಳು.
ಮುಂದಿನ ಅಚ್ಚು: ಮೂರು ಸಾವಿರದ ಆರುನೂರು ಕಿಲೊ.
ಹಿಂದಿನದು: ಏಳು ಸಾವಿರದ ನೂರ ನಲವತ್ತು.

"ಹಿಂದೆ ಅಂಥದ್ದೇನಿದೆ?"
ನನಗೆ ಗೊತ್ತಿತ್ತು. ಮಂಚದಡಿಯ ಪೆಟ್ಟಿಗೆಯಲ್ಲಿ
ನದಿಗೊಂದು ಕಲ್ಲು ಅಂತ ಶುರುವಾಗಿ
ನದಿಗೆ ಮೂರು, ನಾಲ್ಕು.
ಪೀಸ್ ನದಿಯ ಹಸಿರು, ಮಿಲ್ಕ್ ನದಿಯ ಮಸಿ,
ಹೆಸರು ಮರೆತ ತೊರೆಯೊಂದರ
ಬಾತುಮೊಟ್ಟೆಯಂಥದ್ದು.
ಅವನ ಬೀಡಿನ ಬಾಣಲೆಗಳ ಮಾತು ನಾನೆತ್ತಲಿಲ್ಲ.
ಅವನು ಚೀಟಿಯನ್ನು ನಾಲ್ಕಾಗಿ ಮಡಿಸಿ
ಜೇಬಿಗಿಟ್ಟ.

ಇಪ್ಪತ್ತು ಟನ್ನಿನದೇ ಇರಲಿ ಅಂದೆ ನಾನು:
ಕೆಂಪು ಬಣ್ಣ, ದಪ್ಪ ಕತ್ತು,
ಅಖಾಡಕ್ಕಿಳಿದ ಪೈಲ್ವಾನನಂಥ ಜಾಕು.
ಲಾರ್ನ್ ನನ್ನ ಹೊಲಿಗೆಯ ಟೇಪು ಹಿಡಿದು
ಮನೆಯಂಗಳದ ಜಲ್ಲಿಯ ಮೇಲೆ ಅಂಗಾತ ಮಲಗಿ
ಒಳಗೆ ತೂರಿದ.
ಬೂಟು ಎರಡೂ ಹೊರಗೆ, ದನಿ ಒಳಗಿಂದ:
"ಚಕ್ರದ ಗಾಳಿ ಹೋದ ದಿನ ಅಚ್ಚಿನ ಕೆಳಗೆ
ಉಳಿಯೋದು ಒಂದು ಗೇಣು.
ನಿನ್ನ ಪೈಲ್ವಾನನಿಗೆ ಇಲ್ಲಿ ತಲೆ ಹಿಡಿಸೋದಿಲ್ಲ.
ಎಷ್ಟು ಎತ್ತುತ್ತದೆ ಅಂತ ಡಬ್ಬಿಯ ಮೇಲೇ ಬರೆದಿರ್ತಾರೆ.
ಎಷ್ಟು ತಗ್ಗುತ್ತದೆ, ಅದನ್ನು ಕೇಳು."

ಕೇಳಿದೆ. ಅವನನ್ನಲ್ಲ, ಅಂಗಡಿಯವನನ್ನು.
ಹನ್ನೆರಡು ಟನ್ನು. ಕುಳ್ಳು. ಒಂದಲ್ಲ, ಜೋಡಿ.
ಹಿಡಿಕೆಯ ಎಣ್ಣೆ ಒರೆಸಲು
ಅವನೇ ಒಂದು ಹಳೆ ಬನಿಯನ್ನು ಕೊಟ್ಟ, ಪುಕ್ಕಟೆ.

ಶನಿವಾರ ಓಸ್ತಾಪ್ ಹ್ರಿಚುಕ್ ಬಂದ,
ಕೈಗಾಡಿಯ ತುಂಬ ರೈಲುಹಳಿಯ ಹಳೆಯ ಕೊರಡು.
"ಜಲ್ಲಿ ನುಂಗುತ್ತದೆ" ಅಂದ; ಮೊದಲು ಹಲಗೆ ಹಾಸಿದ.
ಮುಂದಿನ ಗಾಲಿಗಳ ಎರಡೂ ಕಡೆ ದಿಮ್ಮಿ ಒತ್ತಿ
ಕಾಲಿಂದ ಒದ್ದು ನೋಡಿದ,
ಮತ್ತೆ ಒದ್ದ.
ಗುಂಡಿ ಒತ್ತಿದರೆ ಮನೆಗೆ ತನ್ನವೇ ನಾಲ್ಕು ಕಾಲು
ಇಳಿಯುತ್ತವಲ್ಲ, ಅವು ಸಾಲವೇ, ಅಂತ ನಾನು.
"ಅವು ಚಹಾ ತುಳುಕದಿರಲಿಕ್ಕೆ,
ಕೆಳಗೆ ತಲೆ ಇಡಲಿಕ್ಕಲ್ಲ."
ಜಾಕನ್ನೂ ಅವನು ನಂಬುವವನಲ್ಲ:
"ಇದು ಎತ್ತುವ ಆಳು. ಹೊರುವ ಆಳು ಬೇರೆ."
ಕೊರಡನ್ನು ಅಡ್ಡ, ಉದ್ದ, ಅಡ್ಡ ಪೇರಿಸುವಾಗ
ಬಲಗೈಯ ಮೂರು ಬೆರಳು
ಐದರ ಕೆಲಸ ಮಾಡುತ್ತಿದ್ದವು.
ಉಳಿದೆರಡರ ಕಥೆ
ಈ ಬೀದಿಯಲ್ಲಿ ಯಾರೂ ಕೇಳಿಲ್ಲ.

ಲಾರ್ನ್ ಬಲಕ್ಕೆ, ನಾನು ಎಡಕ್ಕೆ.
ಅವನು ನಾಲ್ಕು ಸಲ ಒತ್ತಿದರೆ ನಾನು ನಾಲ್ಕು.
ಎತ್ತು ಏರಿಗೆ, ಕೋಣ ನೀರಿಗೆ ಆಗದಿರಲೆಂದು
ಓಸ್ತಾಪ್ ಎಣಿಸುತ್ತ ಕೂತ, ತನ್ನ ಭಾಷೆಯಲ್ಲಿ.
ಮೊದಲು ಏನೂ ಆಗಲಿಲ್ಲ.
ಆಮೇಲೆ ಮನೆ ನರಳಿತು.
ಸ್ಪ್ರಿಂಗು ಉಸಿರು ಬಿಟ್ಟಿತು; ಒಳಗೆ ಯಾವುದೋ ಬಟ್ಟಲು
ಇನ್ನೊಂದನ್ನು ಮುಟ್ಟಿತು.
ಗಾಲಿಯ ಕೆಳಗೆ ನೂಲಿನಷ್ಟು,
ಆಮೇಲೆ ಬೆರಳಿನಷ್ಟು ಬೆಳಕು.

ಆಗಲೇ ಮಂಚದಡಿ ಅದು ಉರುಳಿದ್ದು,
ಪೆಟ್ಟಿಗೆಯ ಈ ಗೋಡೆಯಿಂದ ಆ ಗೋಡೆಗೆ,
ಗುಡುಗುಡು, ನಿಧಾನ.
ಮೂವರೂ ಕೈ ತಡೆದೆವು.

ಆಚೆ ಬದಿಯಿಂದ ಲಾರ್ನ್:
"ಅದು ಯಾವ ನದಿ?"

"ಹೆಸರು ಮರೆತದ್ದು" ಅಂದೆ.

ಓಸ್ತಾಪ್ ಕೊನೆಯ ಕೊರಡನ್ನು
ಒಳಗೆ ತಳ್ಳಿದ.