ಹನ್ನೊಂದು ಕ್ಷ

ನಮ್ಮ ಪ್ರೆಸ್ಸಿನಲ್ಲಿ ಇದ್ದದ್ದು ಹನ್ನೊಂದೇ ಕ್ಷ.
ಚಿತ್ರದುರ್ಗದ ಸಂತೆಪೇಟೆ, ತಗಡಿನ ಸೂರು,
ಕಾಲಲ್ಲಿ ತುಳಿಯುವ ಟ್ರೆಡ್ಲ್, ಯಾರೋ ಮಾರಿದ ಹಳೇ ಮೊಳೆ.
ಕ ಬೇಕಾದಷ್ಟು, ರ ಬೊಗಸೆಗಟ್ಟಲೆ,
ಕ್ಷ ಮಾತ್ರ ಎಣಿಸಿ ಹನ್ನೊಂದು.
ಅದರಲ್ಲೂ ಒಂದರ ಬಾಲ ಮುರಿದಿತ್ತು.

ಅಂಥಲ್ಲಿಗೆ ಬಂದರು ಪಾಲಾಕ್ಷಪ್ಪ,
ಇಂಗಳದಾಳದ ತಾಮ್ರದ ಗಣಿಯಲ್ಲಿ ಅದಿರು ತೂಗುವವರು.
ಉಗುರ ಸಂದಿಯಲ್ಲಿ ಹಸಿರು,
ಸೈಕಲ್ಲಿನ ಹಿಂದೆ ಟ್ಯೂಬಿನಿಂದ ಬಿಗಿದ ಕಾಗದದ ಕಟ್ಟು.
"ಜಕ್ರಿಯಾ, ಪುಸ್ತಕ ಮಾಡೋಣ. ಆಕಾಶದ್ದು."

ಮೊದಲ ಪುಟದಲ್ಲೇ ಹದಿನಾಲ್ಕು ನಕ್ಷತ್ರ.
ಸಾರ್, ಸಾಲಲ್ಲ, ಅಂದೆ.
ಕನ್ನಡಕ ಹಣೆಗೇರಿಸಿದರು, ಹೆಸರಿಗೆ ತಕ್ಕ ಹಾಗೆ.
ನಿಂತಲ್ಲೇ ಪೆನ್ಸಿಲ್ ಹಿಡಿದು ಹೊಡೆಯುತ್ತ ಹೋದರು:
ನಕ್ಷತ್ರ ಚುಕ್ಕಿಯಾಯಿತು,
ಅಂತರಿಕ್ಷ ಬಯಲಾಯಿತು,
ಲಕ್ಷ ಬಂದಲ್ಲೆಲ್ಲ ನೂರು ಸಾವಿರ.
ಕಕ್ಷೆಯನ್ನು ಗಾಣದೆತ್ತಿನ ಹಾದಿ ಎಂದು ಬರೆದು
ತುಸು ಹೊತ್ತು ಅದನ್ನೇ ನೋಡಿ,
"ಇದೇ ಚೆನ್ನಾಗಿದೆಯಲ್ಲೋ" ಅಂದರು,
ಬೇರೆ ಯಾರದೋ ಬರಹ ಓದಿದವರ ಹಾಗೆ.
ಅಕ್ಷರ ಅನ್ನೋ ಮಾತಿಗೂ ಅದೇ ಬೇಕಲ್ಲ ಸಾರ್?
"ಮೊಳೆ ಅಂತ ಹಾಕು.
ಒಂದು ಮಾತ್ರ ಎತ್ತಿಡು, ನನ್ನ ಹೆಸರಿಗೆ."

ಹಾಗೆ ಹದಿನೇಳು ಪುಸ್ತಕ.
ಜೇಡದ್ದು, ಕಾಮಾಲೆಯದ್ದು, ಉಪ್ಪಿನ ಹರಳಿನದ್ದು.
ಮಾರಡಿಹಳ್ಳಿಯಲ್ಲಿ ದಿಂಬು ಒಟ್ಟಿದಂತೆ ಬಿದ್ದ ಬಂಡೆ
ಕಡಲ ತಳದಲ್ಲಿ ಉಕ್ಕಿ ತಣಿದ ಬೆಂಕಿ ಎಂದು ಬರೆದಾಗ
ಚಹಾದಂಗಡಿಯ ಬಸಣ್ಣ ನಕ್ಕಿದ್ದ:
"ದುರ್ಗದಾಗೆ ಕಡಲಾ? ನಲ್ಲಿ ಬಂದು ಒಂಬತ್ತು ದಿನ ಆತು."
ಮಾರನೆಯ ದಿನ ಒಂದು ಚೂರು ಕಲ್ಲು ತಂದು
ಅವನ ಗಲ್ಲಾಪೆಟ್ಟಿಗೆ ಮೇಲೆ ಇಟ್ಟು ಹೋದರು, ಮಾತಿಲ್ಲದೆ.
ಬಿಲ್ಲು ಹಾರದಂತೆ ಇವತ್ತಿಗೂ ಅಲ್ಲಿ ಅದೇ ಕಲ್ಲು.

ಮೊದಲ ಪುಸ್ತಕದ ಮಾತು ಮುಗಿದಿಲ್ಲ.
ಭರಮಸಾಗರದಿಂದ ಏಳನೇ ಕ್ಲಾಸಿನ ಹುಡುಗಿಯ ಕಾರ್ಡು:
ಬಿಸಿಲು ಸೂರ್ಯನಿಂದ ಇಲ್ಲಿಗೆ ಬರಲು ಎಂಟು ನಿಮಿಷ,
ತಾವು ಎಂಟು ಸೆಕೆಂಡು ಅಂದಿದ್ದೀರಿ, ಪುಟ ನಲವತ್ತೆರಡು,
ತಪ್ಪು ಹೇಳಿದ್ದರೆ ಕ್ಷಮಿಸಿ.

ರಾತ್ರಿ ಕೂತು ಕರಡು ತೆಗೆದೆ.
ನಿಮಿಷ ಅಂತಲೇ ಇತ್ತು, ದುಂಡಗೆ.
ತಪ್ಪು ನನ್ನ ಬೆರಳಿನದು.
ಹೇಳಿದೆ. "ಪ್ರೂಫಿಗೆ ರುಜು ಹಾಕಿದವನು ಯಾರು?" ಅಂದರು, ಅಷ್ಟೆ.
"ಚೀಟಿ ಹೊಡಿ. ಒಂದೊಂದು ಪ್ರತಿಗೂ ಅಂಟಿಸೋಣ."

ಅಕ್ಷಯ ತದಿಗೆಯ ಮದುವೆ ಕಾಲ.
ಹತ್ತು ಕ್ಷ ಲಗ್ನಪತ್ರಿಕೆಗಳಲ್ಲಿ ಬಿಗಿದು ಕೂತಿದ್ದವು.
ಉಳಿದದ್ದು ಬಾಲ ಮುರಿದ ಒಂದೇ.
ಚೀಟಿಗೆ ಎರಡು ಬೇಕು: ಮೇಲೆ ಕ್ಷಮಿಸಿ, ಕೆಳಗೆ ಅವರ ಹೆಸರು.
ಮನ್ನಿಸಿ ಅನ್ನಬಹುದಿತ್ತು. ತಪ್ಪಾಯ್ತು ಅನ್ನಬಹುದಿತ್ತು. ಅಂದೆ ಕೂಡ.
ಇಡೀ ಆಕಾಶಕ್ಕೆ ಬೇರೆ ಮಾತು ಹುಡುಕಿಕೊಟ್ಟ ಮನುಷ್ಯ
ಇದೊಂದಕ್ಕೆ ಜಗ್ಗಲಿಲ್ಲ.
"ಅವಳು ಯಾವ ಮಾತು ಕಳಿಸಿದಾಳೋ ಅದೇ ಅವಳಿಗೆ ವಾಪಸ್ ಹೋಗಬೇಕು.
ಹೆಸರಿನಿಂದ ಕೀಳು."
ಕಿತ್ತೆ. ಆ ಜಾಗಕ್ಕೆ ಸೀಸದ ಖಾಲಿ ತುಂಡು ಕೂರಿಸಿದೆ:
ಪಾಲಾ   ಪ್ಪ.

ಗಣಿ ಮುಚ್ಚಿತು. ಮೊಳೆಯೆಲ್ಲ ತೂಕಕ್ಕೆ ಹೋಯಿತು. ಅವರೂ ಹೋದರು.
ಹೋದ ವರ್ಷ ದಾವಣಗೆರೆಯಿಂದ ಒಬ್ಬ ಹುಡುಗ ಬಂದಿದ್ದ,
ಪಾಲಾಕ್ಷಪ್ಪನವರ ಸರಳ ಶೈಲಿಯ ಮೇಲೆ ಪಿಎಚ್‌ಡಿ.
ಇದರ ಬೇರು ಎಲ್ಲಿದೆ, ವಚನದಲ್ಲೋ, ಜನಪದದಲ್ಲೋ?
ಹನ್ನೊಂದು, ಅಂದೆ.
ಬರೆದುಕೊಳ್ಳಲಿಲ್ಲ.

ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಪ್ರತಿ ಉಳಿದಿದೆ.
ನಲವತ್ತೆರಡನೇ ಪುಟ, ಹಳದಿಗಟ್ಟಿದ ಚೀಟಿ, ಗೋಂದು ಇನ್ನೂ ಬಿಟ್ಟಿಲ್ಲ.
ಹೆಸರಿನ ಆ ಖಾಲಿ ಜಾಗವನ್ನು
ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ತುಂಬಿಸಿದ್ದಾರೆ:
ಪಾಲಾಯಪ್ಪ.
ನನ್ನ ಹತ್ತಿರ ರಬ್ಬರ್ ಇರಲಿಲ್ಲ.