ಕಾಲು ಭಾಗ

ಪ್ರಿಯ ಅಮರಮ್ಮ ಎಂದು ಶುರುವಾಗಿ
ಈ ಸಲವೂ ಬಂದದ್ದು ಅದೇ ಮೂರು ಸಾಲು:
ಅರ್ಜಿ ಬಹಳ, ಜಾಗ ಕಡಿಮೆ,
ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ.
ಇದು ನಾಕನೇ ವರ್ಷ. ಕಂಪ್ಯೂಟರಿಗೆ ನನ್ನ ಪರಿಚಯವಿಲ್ಲ.
ಅದಕ್ಕೆ ಯಾರ ಪರಿಚಯವೂ ಇಲ್ಲವಂತೆ,
ಅದೇ ಅದರ ನ್ಯಾಯವಂತೆ.

ಜೋರು ಓಡುವವರಿಗೆ ಒಂದು ಬಾಗಿಲು,
ದಾನಕ್ಕೆ ದುಡ್ಡು ಕೂಡಿಸಿದವರಿಗೆ ಇನ್ನೊಂದು,
ಮಿಕ್ಕವರೆಲ್ಲ ಒಂದೇ ಡಬ್ಬಿಯೊಳಗೆ:
ಗುರುಗುಂಟಾ ದಾರಿಯಲ್ಲಿ ನಸುಕಿನ ನಾಕೂವರೆಗೆ
ನಾಯಿಗಳಿಗೆ ಹೆಸರಿಟ್ಟು ಓಡುವ ನಾನೂ,
ಫಾರ್ಮು ತುಂಬಿದ ಮೇಲೆ ಬೂಟು ಕೊಂಡ ಮೌನೇಶನೂ.

ಮೌನೇಶನಿಗೆ ಸಿಕ್ಕಿತು.
ಲ್ಯಾಬಿಗೆಲ್ಲ ಮಂಡಾಳೊಗ್ಗರಣೆ ತರಿಸಿದ,
ನನ್ನ ಪೊಟ್ಟಣದಲ್ಲಿ ಒಂದು ಮಿರ್ಚಿ ಹೆಚ್ಚಿಗೆ ಇಟ್ಟ.
ಅದನ್ನು ತಿನ್ನಲಿಲ್ಲ.
ಆಮೇಲೆ ತಿಂದೆ.

ಹಟ್ಟಿ ಗಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಕೆಳಗಿನಿಂದ ಬಂದ ಕಲ್ಲನ್ನು ಪುಡಿ ಮಾಡಿ
ತಾಡಪತ್ರಿ ಮೇಲೆ ಗುಪ್ಪೆ ಹಾಕುವುದು,
ತುದಿ ತಟ್ಟಿ ರೊಟ್ಟಿಯಂತೆ ಅಗಲಿಸಿ
ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು
ನಾಕು ಕಾಲು ಮಾಡುವುದು.
ಎದುರುಬದುರಿನ ಎರಡು ಕಾಲು ಇಟ್ಟುಕೊಂಡು
ಇನ್ನೆರಡು ಕಾಲು ಚೆಲ್ಲುವುದು.
ಮತ್ತೆ ಕಲಸು, ಮತ್ತೆ ಗುಪ್ಪೆ, ಮತ್ತೆ ಗೆರೆ,
ಬೊಗಸೆಯಷ್ಟು ಉಳಿವವರೆಗೆ.
ಅದು ಕುಲುಮೆಗೆ.
ಟನ್ನಿಗೆ ಎಷ್ಟು ಗ್ರಾಮೆಂದು ಆ ಬೊಗಸೆಯೇ ಹೇಳಬೇಕು.

ಹೊಸದಾಗಿ ಸೇರಿದಾಗ ರುಬೀನಾ ಕೇಳಿದ್ದಳು,
"ಅಕ್ಕಾ, ಚೆಲ್ಲಿದ್ರಾಗ ಬಂಗಾರ ಇರಂಗಿಲ್ಲೇನು?"
ಇಟ್ಟದ್ದರಲ್ಲಿ ಎಷ್ಟೋ ಚೆಲ್ಲಿದ್ದರಲ್ಲೂ ಅಷ್ಟೇ ಇರಬೇಕು, ಅಂದೆ,
ಇಲ್ಲದಿದ್ದರೆ ಗೆರೆ ಎಳೆದ ಕೈ ಸುಳ್ಳು.

ಅಂದದ್ದು ಆಗ, ಕೈ ತೊಳೆಯುತ್ತ, ಸುಮ್ಮನೆ.
ಇವತ್ತು ನನ್ನೆರಡು ಕಾಲೂ
ಚೆಲ್ಲಿದ ಕಾಲಿನಲ್ಲಿ ನಿಂತಿವೆ.
ಲೆಕ್ಕ ಸರಿ ಇದೆ. ಗಂಟಲು ಸರಿ ಇಲ್ಲ.

ಸಂಜೆ ಚೀಟಿ. ಕ್ಯಾಂಪಿನ ಹದಿನಾರು ಹೆಂಗಸರು,
ಒಂದು ಹಾರ್ಲಿಕ್ಸ್ ಬಾಟಲಿ,
ಒಳಗೆ ಕೈ ಹಾಕಲು ಪಕ್ಕದ ಮನೆಯ ಕೂಸು.
ಈ ತಿಂಗಳು ಅಂಬಮ್ಮನಿಗೆ ಬಂತು.
ಅವಳ ಚೀಟಿ ಹರಿದು ಹಾಕಿದರು.
ಒಮ್ಮೆ ಎದ್ದ ಹೆಸರು ಮತ್ತೆ ಬಾಟಲಿಗೆ ಬೀಳುವಂತಿಲ್ಲ,
ಕಾದರೆ ಸಾಕು, ಪ್ರತಿಯೊಬ್ಬಳಿಗೂ ಒಂದು ತಿಂಗಳು ಉಂಟು.

ನನ್ನ ಓಟದ ಸುದ್ದಿ ಹೇಳಿದೆ.
ಎಂಜಲು ಬೆರಳಿನಲ್ಲಿ ನೋಟು ಎಣಿಸುತ್ತ ಅಂಬಮ್ಮ ಕೇಳಿದಳು,
"ಹೋದ ವರ್ಷ ಓಡಿದೋರ ಚೀಟೀನೂ ಮತ್ತ ಹಾಕ್ತಾರೇನು?"
ಹಾಕ್ತಾರ.
"ಹಂಗಾರ ಅದು ಚೀಟಿ ಅಲ್ಲ ಬಿಡು, ಮಟ್ಕಾ."
ಎಲ್ಲರೂ ನಕ್ಕರು. ಕೂಸೂ ನಕ್ಕಿತು, ಬಾಟಲಿ ಬಡಿಯುತ್ತ.

ನಾಳೆ ನಸುಕಿನಲ್ಲಿ ಮೌನೇಶ ಬರುತ್ತಾನಂತೆ,
ಏರಿನಲ್ಲಿ ಉಸಿರು ಹೇಗೆ ಹಿಡಿಯುವುದು ಕಲಿಸಬೇಕಂತೆ.
ನಾಯಿಗಳಿಗೆ ಅವನ ಗುರುತಿಲ್ಲ.
ಮೊದಲ ಎರಡು ಕಿಲೋಮೀಟರು
ನಾನೇ ಮುಂದಿರಬೇಕು.